ಅತಿಸಾರದ ಗಿಡಮೂಲಿಕೆಗಳು: ಪ್ರಯೋಗಾಲಯದ ವರದಿಯನ್ನು ವರ್ತಕರು ಓದಬೇಕಾದ ಕ್ರಮ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳು ನಮ್ಮ ಭಾಗದ ವ್ಯಾಪಾರಸ್ಥರಿಗೆ ಹೊಸವಲ್ಲ. ಸಾಗವಾನಿ, ಬಿದಿರು, ಕಾಗದ, ಭತ್ತ ಮೊದಲಾದ ಸರಕುಗಳ ಮೂಲಕ ಈ ಹೆಸರುಗಳು ನಮ್ಮ ಲೆಕ್ಕದ ಪುಸ್ತಕಗಳಲ್ಲಿ ತಲೆಮಾರುಗಳಿಂದ ನಮೂದಾಗುತ್ತ ಬಂದಿವೆ. ಅಷ್ಟು ಗಮನಕ್ಕೆ ಬಾರದೆ ಅದೇ ಕಾಡಿನಿಂದ ಇಳಿದು ಬರುವ ಇನ್ನೊಂದು ಸರಕೆಂದರೆ ಅಳಲೆಕಾಯಿ, ತಾರೆಕಾಯಿ, ಮುರುಗಲು, ಬಿಲ್ವದ ಎಳೆಗಾಯಿ, ಕೊಡಸಿಗದ ತೊಗಟೆ ಮುಂತಾದ ಔಷಧೀಯ ವಸ್ತುಗಳು. ಇವುಗಳಲ್ಲಿ ಹಲವನ್ನು ಭೇದಿ, ಆಮಶಂಕೆಗಳಿಗೆ ಬಳಸುವ ಪದ್ಧತಿ ಬಹು ಹಿಂದಿನದು. ಜೋಯಿಡಾದ ಕುಣಬಿಗಳು, ಹಳಿಯಾಳ-ಮುಂಡಗೋಡ ಭಾಗದ ಸಿದ್ದಿಗಳು ಹಾಗೂ ಗೌಳಿಗಳಲ್ಲಿ ಈ ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಕುಣಬಿಗಳ ಸಸ್ಯೌಷಧ ಜ್ಞಾನವನ್ನು ದಾಖಲಿಸಿ 2002ರಲ್ಲಿ ‘ಫಿಟೊತೆರಾಪಿಯಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2006ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಪ್ರಾದೇಶಿಕ ಕೇಂದ್ರವು ಇಂದು ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಹೀಗಾಗಿ ಕಾಡಿನ ಮೂಲಿಕೆಯನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸುವುದು ನಮ್ಮ ಸುತ್ತಮುತ್ತ ದೂರದ ಮಾತಾಗಿ ಉಳಿದಿಲ್ಲ.

ಈ ವಿಷಯ ನನ್ನ ಮೇಜಿನ ಮೇಲೆ ಬಂದದ್ದು ಲೆಕ್ಕಪರಿಶೋಧನೆಯ ದಾರಿಯಿಂದ. ಮೂಲಿಕೆಗಳ ಸಂಸ್ಕರಣೆ ಮಾಡುವ ನನ್ನ ಕಕ್ಷಿದಾರರೊಬ್ಬರು ಕೆಲ ವರ್ಷಗಳ ಹಿಂದೆ ಒಂದು ವರದಿಯನ್ನು ತಂದು ಮುಂದಿಟ್ಟರು. ಕೊಡಸಿಗದ ತೊಗಟೆಯ ಮೆಥನಾಲ್ ಸಾರವು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಮೇಲೆ 18 ಮಿ.ಮೀ. ವ್ಯಾಸದ ತಡೆವಲಯವನ್ನು ತೋರಿಸಿದೆ ಎಂದು ಅದರಲ್ಲಿತ್ತು. ಅವರ ಪ್ರಶ್ನೆಗಳು ಎರಡು. ಪರೀಕ್ಷೆಗೆ ತಗಲಿದ ವೆಚ್ಚವನ್ನು ಆಸ್ತಿಯೆಂದು ಆಢಾವೆ ಪತ್ರಿಕೆಯಲ್ಲಿ ತೋರಿಸಬಹುದೇ? ಶೀಶೆಯ ಚೀಟಿಯ ಮೇಲೆ ‘ಅತಿಸಾರದ ಬ್ಯಾಕ್ಟೀರಿಯಾ ನಾಶಕ’ ಎಂದು ಮುದ್ರಿಸಬಹುದೇ? ನಾನು ವಾಣಿಜ್ಯ ಪದವೀಧರ. ವಿಜ್ಞಾನದ ಪಾಠ ಪ್ರೌಢಶಾಲೆಗೇ ಮುಗಿದದ್ದು. ಆದರೆ ವರದಿಯಲ್ಲಿ ಅಂಕಿಗಳಿದ್ದವು. ಅಂಕಿಗಳು ಹೇಗೆ ಬಂದವೆಂದು ತಿಳಿಯದೆ ಸಹಿ ಹಾಕುವ ರೂಢಿ ನನಗಿಲ್ಲ. ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರಲ್ಲಿ ಎರಡು ಭಾನುವಾರ ಕುಳಿತು ಕಲಿತದ್ದನ್ನು, ಆ ಬಳಿಕ ಓದಿ ತಿಳಿದದ್ದನ್ನು ಸದಸ್ಯ ಬಾಂಧವರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆ ನಡೆಯುವ ಬಗೆ

ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರು, ಮದ್ಯಸಾರ, ಮೆಥನಾಲ್, ಕ್ಲೋರೋಫಾರ್ಮ್ ಮುಂತಾದ ಯಾವುದಾದರೊಂದು ದ್ರಾವಕದಲ್ಲಿ ಅದರ ಸತ್ವವನ್ನು ಇಳಿಸುತ್ತಾರೆ. ದ್ರಾವಕವನ್ನು ಆವಿಯಾಗಿಸಿದ ಮೇಲೆ ಉಳಿಯುವ ಅಂಟಾದ ವಸ್ತುವೇ ಸಾರ. ಇನ್ನೊಂದೆಡೆ ಅಗಾರ್ ಎಂಬ ಪೋಷಕ ಪದಾರ್ಥವನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾಗಳನ್ನು ಸಮನಾಗಿ ಸವರುತ್ತಾರೆ. ಸವರುವ ದ್ರವದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಿಗಳಿರುವಂತೆ ಹದ ಮಾಡಿಕೊಳ್ಳುವುದು ವಾಡಿಕೆ. ಅಗಾರಿನಲ್ಲಿ 6 ಮಿ.ಮೀ. ಅಗಲದ ಕುಳಿ ಕೊರೆದು ಅದಕ್ಕೆ ಸಾರವನ್ನು ಹನಿಸುತ್ತಾರೆ, ಇಲ್ಲವೆ ಸಾರದಲ್ಲಿ ಅದ್ದಿದ ಅಷ್ಟೇ ಅಗಲದ ಕಾಗದದ ಬಿಲ್ಲೆಯನ್ನು ಇಡುತ್ತಾರೆ. 37 ಡಿಗ್ರಿ ಉಷ್ಣತೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಬ್ಯಾಕ್ಟೀರಿಯಾಗಳು ಬೆಳೆದು ತಟ್ಟೆ ಮಂಜು ಕವಿದಂತೆ ಕಾಣುತ್ತದೆ. ಸಾರವು ಬೆಳವಣಿಗೆಯನ್ನು ತಡೆದಿದ್ದಲ್ಲಿ ಕುಳಿಯ ಸುತ್ತ ತಿಳಿಯಾದ ವರ್ತುಲ ಉಳಿಯುತ್ತದೆ. ಅದರ ವ್ಯಾಸವೇ ವರದಿಯಲ್ಲಿ ಬರುವ ಅಂಕಿ.

ಜೊತೆಯಲ್ಲಿ ಎರಡು ಸಾಕ್ಷಿಗಳಿರಬೇಕು. ಬರಿಯ ದ್ರಾವಕವನ್ನು ಮಾತ್ರ ಹಾಕಿದ ಕುಳಿ ಒಂದು. ಅಲ್ಲಿ ವರ್ತುಲ ಬಿದ್ದರೆ ಗುಣ ತೊಗಟೆಯದಲ್ಲ, ದ್ರಾವಕದ್ದು. ಸಿಪ್ರೊಫ್ಲಾಕ್ಸಾಸಿನ್‌ನಂತಹ ಪರಿಚಿತ ಔಷಧಿಯ ಬಿಲ್ಲೆ ಇನ್ನೊಂದು. ಪ್ರತಿ ಪರೀಕ್ಷೆಯನ್ನೂ ಕನಿಷ್ಠ ಮೂರು ಬಾರಿ ಮಾಡಿ ಸರಾಸರಿಯನ್ನೂ ವ್ಯತ್ಯಾಸವನ್ನೂ ಕೊಡಬೇಕು. ಈ ಮೂರರಲ್ಲಿ ಯಾವುದು ಇಲ್ಲದಿದ್ದರೂ ವರದಿಯನ್ನು ರಸೀದಿಯಿಲ್ಲದ ಖರ್ಚಿನಂತೆ ಬದಿಗಿಡತಕ್ಕದ್ದು.

ಒಟ್ಟು ಮೊತ್ತ, ನಿವ್ವಳ ಮೊತ್ತ

ನಮ್ಮ ಕಕ್ಷಿದಾರರ ವರದಿಯಲ್ಲಿ ಸಾಕ್ಷಿಗಳೆಲ್ಲ ಇದ್ದವು. ಆದರೂ 18 ಮಿ.ಮೀ. ಎಂಬುದು ಒಟ್ಟು ಮೊತ್ತ. ಕುಳಿಯ 6 ಮಿ.ಮೀ. ಅದರಲ್ಲಿ ಸೇರಿದೆ. ಅದನ್ನು ಕಳೆದರೆ ಉಳಿಯುವುದು 12, ಅಂದರೆ ಕುಳಿಯ ಅಂಚಿನಿಂದ ಸುತ್ತಲೂ 6 ಮಿ.ಮೀ. ಮಾತ್ರ. ಪಕ್ಕದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯ ವರ್ತುಲ 28 ಮಿ.ಮೀ. ಇತ್ತು. ‘ನಮ್ಮದು ಆಧುನಿಕ ಔಷಧಿಯ ಮೂರನೇ ಎರಡು ಭಾಗದಷ್ಟು ಬಲವಾಗಿದೆ’ ಎಂದು ಕಕ್ಷಿದಾರರು ಹಿಗ್ಗಿನಿಂದ ಹೇಳಿದರು. ನಾನು ಪ್ರಮಾಣಗಳನ್ನು ನೋಡಿದೆ. ಕುಳಿಗೆ ಹಾಕಿದ್ದು ಒಂದು ಮಿಲಿಲೀಟರಿಗೆ 100 ಮಿ.ಗ್ರಾಂ. ಸಾಂದ್ರತೆಯ ಸಾರ, 100 ಮೈಕ್ರೋಲೀಟರ್. ಅಂದರೆ 10 ಮಿ.ಗ್ರಾಂ., ಅಂದರೆ 10,000 ಮೈಕ್ರೋಗ್ರಾಂ. ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯಲ್ಲಿದ್ದದ್ದು 5 ಮೈಕ್ರೋಗ್ರಾಂ. ಎರಡು ಸಾವಿರ ಪಟ್ಟು ಬಂಡವಾಳ ಹೂಡಿ ಎದುರಾಳಿಗಿಂತ ಕಡಿಮೆ ಲಾಭ ಗಳಿಸಿದ ಅಂಗಡಿಯನ್ನು ನಾವು ಏನೆಂದು ಕರೆಯುತ್ತೇವೆಯೋ ಇದನ್ನೂ ಹಾಗೆಯೇ ಕರೆಯಬೇಕು. ಸಾರವು ನೂರಾರು ಪದಾರ್ಥಗಳ ಮಿಶ್ರಣ, ಔಷಧಿಯು ಶುದ್ಧವಾದ ಒಂದೇ ಪದಾರ್ಥ ಎಂಬ ಸಮಾಧಾನ ನಿಜವೇ. ಹಾಗಿದ್ದಲ್ಲಿ ಹೋಲಿಕೆಯನ್ನೇ ಮಾಡಬಾರದು.

ವರ್ತುಲದ ಅಗಲವು ಇನ್ನೊಂದು ಕಾರಣಕ್ಕೂ ನಂಬತಕ್ಕ ಅಳತೆಯಲ್ಲ. ಅಗಾರಿನೊಳಗೆ ಬೇಗ ಹರಡುವ ಪದಾರ್ಥ ದೊಡ್ಡ ವರ್ತುಲ ಕೊಡುತ್ತದೆ. ಟ್ಯಾನಿನ್‌ನಂತಹ ದೊಡ್ಡ ಅಣುಗಳು, ಅಂದರೆ ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳಿಗೆ ಒಗರು ರುಚಿ ಕೊಡುವ ಪದಾರ್ಥಗಳು, ನಿಧಾನ ಹರಡುತ್ತವೆ. ಆದ್ದರಿಂದ ಒಂದು ಗಿಡದ 18ಕ್ಕೂ ಇನ್ನೊಂದು ಗಿಡದ 14ಕ್ಕೂ ಹೋಲಿಸಿ ಮೊದಲನೆಯದು ಮೇಲೆನ್ನುವುದು ತಪ್ಪು. ಸರಿಯಾದ ಅಳತೆಯೆಂದರೆ ಬೆಳವಣಿಗೆಯನ್ನು ತಡೆಯಲು ಬೇಕಾಗುವ ಕನಿಷ್ಠ ಸಾಂದ್ರತೆ. ಸಾರವನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳು ಮಾಡುತ್ತ ಹೋಗಿ, ಯಾವ ಹಂತದವರೆಗೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲವೆಂದು ನೋಡುತ್ತಾರೆ. ಅಂಕಿ ಕಡಿಮೆಯಾದಷ್ಟೂ ಸಾರ ಬಲವಾದದ್ದು. ರಿಯೋಸ್ ಮತ್ತು ರೆಸಿಯೊ ಎಂಬ ವಿದ್ವಾಂಸರು 2005ರಲ್ಲಿ ಈ ಕ್ಷೇತ್ರದ ಬರಹಗಳನ್ನು ಪರಿಶೀಲಿಸಿ, ಒಂದು ಮಿಲಿಲೀಟರಿಗೆ 1 ಮಿ.ಗ್ರಾಂ.ಗಿಂತ ಹೆಚ್ಚು ಸಾರವನ್ನು ಬಳಸುವ ಪ್ರಯೋಗಗಳನ್ನು ಕೈಬಿಡುವುದೇ ಒಳ್ಳೆಯದೆಂದು ಸೂಚಿಸಿದ್ದಾರೆ.

ನಮ್ಮ ವರದಿಯಲ್ಲಿದ್ದ ಕನಿಷ್ಠ ಸಾಂದ್ರತೆ ಮಿಲಿಲೀಟರಿಗೆ 5 ಮಿ.ಗ್ರಾಂ. ಇದರ ಅರ್ಥವನ್ನು ಗುಣಾಕಾರದಿಂದಲೇ ತಿಳಿಯಬಹುದು. ವಯಸ್ಕರ ಸಣ್ಣ ಕರುಳಿಗೆ ದಿನವೊಂದಕ್ಕೆ ಆಹಾರ, ನೀರು, ಪಾಚಕ ರಸಗಳೆಲ್ಲ ಸೇರಿ ಸುಮಾರು 8 ಲೀಟರ್ ದ್ರವ ಬರುತ್ತದೆ. ಅಷ್ಟೂ ದ್ರವದಲ್ಲಿ 5 ಮಿ.ಗ್ರಾಂ. ಸಾಂದ್ರತೆ ಇರಬೇಕಾದರೆ 40 ಗ್ರಾಂ ಸಾರ ಬೇಕು. ನೂರು ಗ್ರಾಂ ತೊಗಟೆಗೆ 10 ಗ್ರಾಂ ಸಾರ ಇಳಿಯುತ್ತದೆಂದು ಹಿಡಿದರೆ ರೋಗಿಯು ದಿನಕ್ಕೆ 400 ಗ್ರಾಂ ತೊಗಟೆಯ ಸತ್ವವನ್ನು ಸೇವಿಸಬೇಕು. ಇದು ಒರಟು ಲೆಕ್ಕ. ದ್ರವವೆಲ್ಲ ಒಮ್ಮೆಗೇ ಇರುವುದಿಲ್ಲ, ಹೀರಿಕೆಯೂ ನಡೆಯುತ್ತಿರುತ್ತದೆ. ನಾಲ್ಕನೇ ಒಂದು ಭಾಗಕ್ಕೆ ಇಳಿಸಿದರೂ 100 ಗ್ರಾಂ. ಶೀಶೆಯ ಚೀಟಿಯಲ್ಲಿ ಸೂಚಿಸಲು ಉದ್ದೇಶಿಸಿದ್ದ ಪ್ರಮಾಣವೋ ದಿನಕ್ಕೆ ಎರಡು ಚಮಚೆ.

ಇಲ್ಲಿಯೇ ಇನ್ನೊಂದು ಮಾತು. ತಡೆವಲಯವು ಬೆಳವಣಿಗೆ ನಿಂತಿದೆ ಎನ್ನುತ್ತದೆಯೇ ಹೊರತು ಬ್ಯಾಕ್ಟೀರಿಯಾ ಸತ್ತಿದೆ ಎನ್ನುವುದಿಲ್ಲ. ಸತ್ತಿದೆಯೆಂದು ಹೇಳಲು ಪ್ರತ್ಯೇಕ ಪರೀಕ್ಷೆ ಬೇಕು. ‘ನಾಶಕ’ ಎಂಬ ಪದಕ್ಕೆ ವರದಿಯಲ್ಲಿ ಆಧಾರವೇ ಇರಲಿಲ್ಲ. ಮೇಲಾಗಿ ಇ. ಕೋಲಿ ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಜೀವಿ. ಅದರಲ್ಲಿ ಕೆಲವು ಬಗೆಗಳು ಮಾತ್ರ ಭೇದಿಯನ್ನು ಉಂಟುಮಾಡುತ್ತವೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಪ್ರಮಾಣಿತ ತಳಿಯು ಔಷಧಿ ಪರೀಕ್ಷೆಯ ಗುಣಮಟ್ಟ ನೋಡಲು ಇಟ್ಟುಕೊಂಡದ್ದು, ಭೇದಿಯ ತಳಿಯಲ್ಲ. ಒಂದೇ ಹೆಸರಿನ ಇಬ್ಬರು ಖಾತೆದಾರರಲ್ಲಿ ಒಬ್ಬನ ಜಮಾವನ್ನು ಇನ್ನೊಬ್ಬನ ಖಾತೆಗೆ ಬರೆದಂತಾಯಿತು. ಆದ್ದರಿಂದ ವರದಿ ಕೈಗೆ ಬಂದೊಡನೆ ತಳಿಯ ಸಂಖ್ಯೆಯನ್ನು ಕೇಳಬೇಕು. ಚಂಡೀಗಡದ ಸೂಕ್ಷ್ಮಜೀವಿ ಸಂಗ್ರಹಾಲಯವೇ ಮೊದಲಾದ ಮಾನ್ಯ ಸಂಗ್ರಹಗಳಿಂದ ಬಂದ ತಳಿಗೆ ಸಂಖ್ಯೆ ಇದ್ದೇ ಇರುತ್ತದೆ.

ಸೊನ್ನೆ ಬಂದರೆ ಸೊನ್ನೆಯೇ?

ಇಷ್ಟು ಓದಿದವರಿಗೆ ಗಿಡಮೂಲಿಕೆಗಳ ಮೇಲೆಯೇ ಅಪನಂಬಿಕೆ ಬರಬಹುದು. ಅದು ನನ್ನ ಉದ್ದೇಶವಲ್ಲ. ಬಿಲ್ವದ ಎಳೆಗಾಯಿಯನ್ನು ಆಯುರ್ವೇದವು ಅತಿಸಾರಕ್ಕೆ ಹೇಳುತ್ತದೆ, ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಮುಂಬಯಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಸಂಸ್ಥೆಯ ವಿಜ್ಞಾನಿಗಳು ಇದರ ಕಷಾಯವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅವರು ತೆಗೆದುಕೊಂಡ ಆರು ಬ್ಯಾಕ್ಟೀರಿಯಾ ತಳಿಗಳಲ್ಲಿ ಒಂದನ್ನೂ ಆ ಕಷಾಯ ಕೊಲ್ಲಲಿಲ್ಲ. ತಟ್ಟೆಯ ಪರೀಕ್ಷೆಯಷ್ಟನ್ನೇ ಮಾಡಿ ನಿಲ್ಲಿಸಿದ್ದರೆ ಬಿಲ್ವಕ್ಕೆ ಸೊನ್ನೆ ಅಂಕ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಬ್ಯಾಕ್ಟೀರಿಯಾಗಳು ಜೀವಕೋಶಗಳಿಗೆ ಅಂಟಿಕೊಳ್ಳುವುದನ್ನೂ ಒಳನುಗ್ಗುವುದನ್ನೂ ಕಷಾಯವು ಗಣನೀಯವಾಗಿ ಕಡಿಮೆ ಮಾಡಿತು. ಕಾಲರಾ ವಿಷದ ಉತ್ಪಾದನೆಗೂ, ಆ ವಿಷವು ತನ್ನ ನೆಲೆಗೆ ಅಂಟುವುದಕ್ಕೂ ಅಡ್ಡಿಯಾಯಿತು. ರೋಟಾ ವೈರಾಣುವಿನ ಮೇಲೆಯೂ ಜಿಯಾರ್ಡಿಯಾ ಎಂಬ ಪರೋಪಜೀವಿಯ ಮೇಲೆಯೂ ಪರಿಣಾಮ ಕಂಡಿತು. ಹಳೆಯ ಮದ್ದು ಕೆಲಸ ಮಾಡುತ್ತಿದ್ದುದು ನಾವು ಊಹಿಸಿದ ಕಡೆ ಅಲ್ಲ.

ಮಕ್ಕಳ ಭೇದಿಯಲ್ಲಿ ದೊಡ್ಡ ಪಾಲು ವೈರಾಣುಗಳದ್ದು. ಭಾರತದಲ್ಲಿ ರೋಟಾ ವೈರಾಣು ಲಸಿಕೆಯನ್ನು ಸಾರ್ವತ್ರಿಕ ಕಾರ್ಯಕ್ರಮದಲ್ಲಿ 2016ರಿಂದ ಕೊಡಲಾಗುತ್ತಿದೆ. ಅಂತಹ ಭೇದಿಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಸಾರ ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭೇದಿಯಿಂದ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4 ಲಕ್ಷ 43 ಸಾವಿರ ಮಕ್ಕಳು ಸಾಯುತ್ತಾರೆ. ಹಲವು ಬಾರಿ ಸಾವಿಗೆ ಕಾರಣ ದೇಹದ ನೀರು-ಲವಣಗಳ ನಷ್ಟ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೊಬಿಸ್ ಅವರು ಸಕ್ಕರೆ-ಉಪ್ಪಿನ ದ್ರಾವಣವನ್ನು ಕುಡಿಸಿ, ಶೇಕಡ 30ರಷ್ಟಿದ್ದ ಕಾಲರಾ ಸಾವನ್ನು ಶೇಕಡ 3.6ಕ್ಕೆ ಇಳಿಸಿದರು. ಆ ದ್ರಾವಣ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ‘ನಾಶಕ’ ಎಂಬ ಚೀಟಿಯನ್ನು ನಂಬಿ ಜೋಯಿಡಾದ ಒಳಹಳ್ಳಿಯ ತಾಯಿಯೊಬ್ಬಳು ಓಆರ್‌ಎಸ್ ಕೊಡುವುದನ್ನು ಅರ್ಧ ದಿನ ಮುಂದೂಡಿದರೆ ಆಗುವ ನಷ್ಟ ಯಾರ ಪುಸ್ತಕದಲ್ಲಿಯೂ ಜಮಾ-ಖರ್ಚಾಗುವುದಿಲ್ಲ. (ಓಆರ್‌ಎಸ್ ಎಂಬ ಹೆಸರನ್ನು ಸಿಹಿ ಪಾನೀಯಗಳ ಮೇಲೆ ಮುದ್ರಿಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ನಿಷೇಧಿಸಿದ್ದನ್ನು ಚಿಲ್ಲರೆ ವ್ಯಾಪಾರಿಗಳು ಮರೆಯಬಾರದು.)

ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋದ ಉದಾಹರಣೆಗಳೂ ಇವೆ. ಮರದರಿಶಿಣದಂತಹ ಗಿಡಗಳಲ್ಲಿರುವ ಬರ್ಬೆರಿನ್ ಎಂಬ ಹಳದಿ ಪದಾರ್ಥವನ್ನು ಬಾಂಗ್ಲಾದೇಶದಲ್ಲಿ 165 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನು 1987ರಲ್ಲಿ ಜರ್ನಲ್ ಆಫ್ ಇನ್ಫೆಕ್ಷಿಯಸ್ ಡಿಸೀಸಸ್ ಪ್ರಕಟಿಸಿತು. ವಿಷಕಾರಿ ಇ. ಕೋಲಿಯ ಭೇದಿಯಲ್ಲಿ 400 ಮಿ.ಗ್ರಾಂ.ನ ಒಂದೇ ಸರದಿ ಮಲದ ಪ್ರಮಾಣವನ್ನು ಇಳಿಸಿತು. ಕಾಲರಾದಲ್ಲಿ ಅಷ್ಟು ಫಲ ಕಾಣಲಿಲ್ಲ. ದುರ್ದೈವವೆಂದರೆ ಪಶ್ಚಿಮ ಘಟ್ಟದ ಮರದರಿಶಿಣದ ಬಳ್ಳಿ ಅತಿ ಸಂಗ್ರಹಣೆಯಿಂದ ಅಳಿವಿನ ಅಂಚಿಗೆ ಬಂದಿದೆ. ದಕ್ಷಿಣ ಅಮೆರಿಕದ ‘ಡ್ರ್ಯಾಗನ್ ರಕ್ತ’ ಮರದ ಕೆಂಪು ಅಂಟಿನದು ಇನ್ನೊಂದು ಕಥೆ. ಅಲ್ಲಿನ ಜನ ಅದನ್ನು ಭೇದಿಗೆ ಬಳಸುತ್ತಿದ್ದರು. ಕ್ಯಾಲಿಫೋರ್ನಿಯಾದ ಶಾಮನ್ ಫಾರ್ಮಸ್ಯುಟಿಕಲ್ಸ್ ಎಂಬ ಕಂಪನಿ ಅದರ ಮೇಲೆ ವರ್ಷಗಟ್ಟಲೆ ಹಣ ಸುರಿದು 2001ರಲ್ಲಿ ದಿವಾಳಿಯೆದ್ದಿತು. ಕೆಲಸವನ್ನು ಬೇರೊಂದು ಕಂಪನಿ ಮುಂದುವರಿಸಿ, ಕ್ರೊಫೆಲೆಮರ್ ಎಂಬ ಹೆಸರಿನ ಔಷಧಿಗೆ ಅಮೆರಿಕದ ಒಪ್ಪಿಗೆ ದೊರೆತದ್ದು 2012ರ ಡಿಸೆಂಬರ್ 31ರಂದು. ಅದೂ ಎಚ್‌ಐವಿ ರೋಗಿಗಳಲ್ಲಿ ಸೋಂಕಿನಿಂದಲ್ಲದೆ ಬರುವ ಭೇದಿಗೆ ಮಾತ್ರ. ಅದು ಕೂಡ ಬ್ಯಾಕ್ಟೀರಿಯಾ ಕೊಲ್ಲುವ ಮದ್ದಲ್ಲ, ಕರುಳಿನಿಂದ ನೀರು ಸೋರುವುದನ್ನು ತಡೆಯುವ ಮದ್ದು. ಮೊದಲ ತಟ್ಟೆಗೂ ಕೊನೆಯ ಪರವಾನಗಿಗೂ ನಡುವೆ ಎಷ್ಟು ದೂರವಿದೆ, ಆ ದಾರಿಯಲ್ಲಿ ಯಾರ ಬಂಡವಾಳ ಕರಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಸ್ಪಷ್ಟ ನಿದರ್ಶನ ಇದೇ.

ಮಾಲಿನ ಗುರುತು

ಕೊಡಸಿಗದ ತೊಗಟೆಗೆ ಬೆಪ್ಪಾಲೆಯ ತೊಗಟೆ ಬೆರೆಯುವುದು ಈ ವ್ಯಾಪಾರದಲ್ಲಿ ಹಳೆಯ ರೋಗ. ಎರಡೂ ಒಂದೇ ಕುಟುಂಬದ, ನೋಡಲು ಹತ್ತಿರದ ಗಿಡಗಳು. ಕೊಡಸಿಗದ ಗುಣಕ್ಕೆ ಮುಖ್ಯ ಕಾರಣವೆಂದು ಹೇಳುವ ಕೊನೆಸ್ಸಿನ್ ಮೊದಲಾದ ಕಹಿ ಪದಾರ್ಥಗಳನ್ನು ಬೆಪ್ಪಾಲೆಯಿಂದ ನಿರೀಕ್ಷಿಸುವಂತಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯ ಒಂದು ರೆಂಬೆಯನ್ನು ಎಲೆ-ಹೂವು ಸಹಿತ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಸಂಖ್ಯೆ ಕೊಟ್ಟು ಇಡುವ ಪದ್ಧತಿ ಇದೆ. ನಮ್ಮ ವೌಚರಿಗೆ ಸಮನಾದದ್ದು ಅದು. ಕಕ್ಷಿದಾರರ ವರದಿಯಲ್ಲಿ ‘ಮಾರುಕಟ್ಟೆಯ ಮಾದರಿ’ ಎಂದಷ್ಟೇ ಬರೆದಿತ್ತು! ಪರೀಕ್ಷೆಗೆ ಹೋದ ತೊಗಟೆ ಯಾವ ಗಿಡದ್ದೆಂದು ಇಂದು ಯಾರೂ ಆಣೆ ಮಾಡಿ ಹೇಳಲಾರರು. ಎರಡು ಭಾನುವಾರಗಳ ನನ್ನ ಗುಣಾಕಾರಕ್ಕಿಂತ ಈ ಎರಡು ಪದಗಳೇ ಆ ವರದಿಯನ್ನು ಹೆಚ್ಚು ದುರ್ಬಲಗೊಳಿಸಿದವು.

ಲೆಕ್ಕ ಮತ್ತು ಕಾನೂನು

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅಮೂರ್ತ ಆಸ್ತಿಗಳ ಕುರಿತಾದ ಲೆಕ್ಕಪತ್ರ ಮಾನದಂಡ 26, ಸಂಶೋಧನೆಯ ಹಂತ ಮತ್ತು ಅಭಿವೃದ್ಧಿಯ ಹಂತ ಎಂದು ಎರಡನ್ನು ಬೇರ್ಪಡಿಸುತ್ತದೆ. ಸಂಶೋಧನೆಯ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಬರೆಯಬೇಕು. ಅಭಿವೃದ್ಧಿಯ ಹಂತದಲ್ಲಿ ತಾಂತ್ರಿಕ ಸಾಧ್ಯತೆ, ಮಾರಾಟದ ಸಾಮರ್ಥ್ಯ, ಪೂರ್ಣಗೊಳಿಸಲು ಬೇಕಾದ ಸಂಪನ್ಮೂಲ, ಭವಿಷ್ಯದ ಲಾಭ ಮುಂತಾದವನ್ನು ರುಜುವಾತುಪಡಿಸಿದರೆ ಮಾತ್ರ ಆಸ್ತಿಯೆನಿಸುತ್ತದೆ. ತಟ್ಟೆಯ ವರ್ತುಲ ಸಂಶೋಧನೆಯ ಹಂತದ ಮೊದಲ ಮೆಟ್ಟಿಲು. ಒಮ್ಮೆ ಖರ್ಚೆಂದು ಬರೆದದ್ದನ್ನು ಮುಂದೆ ಯಶಸ್ಸು ಬಂದಿತೆಂದು ಆಸ್ತಿಯಾಗಿ ಮಾರ್ಪಡಿಸುವಂತೆಯೂ ಇಲ್ಲ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಇದನ್ನು ಆಸ್ತಿಯೆಂದು ತೋರಿಸುವ ಸಲಹೆಗಾರರೂ ಇದ್ದಾರೆ. ಅಂತಹವರಿಂದ ದೂರವಿರುವುದು ಲೇಸು.

ಎರಡನೆಯದಕ್ಕೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯನ್ನು ನೋಡಬೇಕು. ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಶಾರ್ಙ್ಗಧರ ಸಂಹಿತೆ, ಭೈಷಜ್ಯ ರತ್ನಾವಳಿಯಂತಹ ಗ್ರಂಥಗಳ ಪ್ರಕಾರ ತಯಾರಿಸಿದ ಕುಟಜಾರಿಷ್ಟವು ಶಾಸ್ತ್ರೀಯ ಔಷಧಿ. ಕುಟಜವೆಂದರೆ ನಮ್ಮ ಕೊಡಸಿಗವೇ. ಗ್ರಂಥದಲ್ಲಿ ಹೇಳಿದ ಉಪಯೋಗವನ್ನು ಹೇಳಿ ಮಾರಬಹುದು. ಅದನ್ನು ಬಿಟ್ಟು ಹೊಸ ಸಾರ, ಹೊಸ ಹೇಳಿಕೆ ಎಂದೊಡನೆ ಅದು ಸ್ವಾಮ್ಯ ಔಷಧಿಯಾಗುತ್ತದೆ, 2010ರಲ್ಲಿ ಸೇರಿಸಿದ 158ಬಿ ನಿಯಮದಂತೆ ಸುರಕ್ಷತೆ ಮತ್ತು ಪರಿಣಾಮಗಳಿಗೆ ಆಧಾರ ಒದಗಿಸಬೇಕಾಗುತ್ತದೆ. ವೈದ್ಯನು ತೊಗಟೆಯನ್ನು ನೀರಿನಲ್ಲಿ ಕುದಿಸುತ್ತಾನೆ ಅಥವಾ ಮಜ್ಜಿಗೆಯಲ್ಲಿ ಕೊಡುತ್ತಾನೆ. ಮೆಥನಾಲ್ ಸಾರವನ್ನು ಯಾರೂ ಕುಡಿದು ಬದುಕಿ ತೋರಿಸಿಲ್ಲ. ಹೀಗಾಗಿ ನೀರು ಅಥವಾ ಮದ್ಯಸಾರ-ನೀರಿನ ಸಾರಕ್ಕಿಂತ ಇತರ ದ್ರಾವಕಗಳ ಸಾರಕ್ಕೆ ಹೆಚ್ಚಿನ ಸುರಕ್ಷತಾ ಪರೀಕ್ಷೆ ಬೇಕಾಗುವುದು ಸಹಜ.

ಜೀವವೈವಿಧ್ಯ ಕಾಯಿದೆಯನ್ನು ನಮ್ಮ ಸದಸ್ಯರಲ್ಲಿ ಬಹಳ ಮಂದಿ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 2002ರ ಈ ಕಾಯಿದೆಯಂತೆ ಕಾಡಿನ ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವ ಭಾರತೀಯ ಸಂಸ್ಥೆಗಳೂ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ಲಾಭದಲ್ಲಿ ಪಾಲು ಕೊಡುವ ಹೊಣೆ ಭಾರತೀಯ ಕಂಪನಿಗಳಿಗೂ ಇದೆಯೆಂದು ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ಹೇಳಿತು. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಗ್ರಂಥಸ್ಥ ಪಾರಂಪರಿಕ ಜ್ಞಾನಕ್ಕೂ ಬೆಳೆಸಿದ ಔಷಧಿ ಸಸ್ಯಗಳಿಗೂ ವಿನಾಯಿತಿ ಕೊಟ್ಟಿದೆ. ಇದರಿಂದ ಎಲ್ಲವೂ ಸಡಿಲಾಯಿತೆಂದು ತಿಳಿಯಬಾರದು. ಕುಟಜದ ಉಪಯೋಗ ಅನುಸೂಚಿಯ ಗ್ರಂಥದಲ್ಲಿದೆ, ಸರಿ. ಆದರೆ ಕುಣಬಿ ಅಥವಾ ಸಿದ್ದಿ ವೈದ್ಯನ ಬಾಯಿಂದಲೇ ತಿಳಿದ, ಯಾವ ಅನುಸೂಚಿತ ಗ್ರಂಥದಲ್ಲಿಯೂ ಇಲ್ಲದ ಮೂಲಿಕೆಯ ಮೇಲೆ ಉದ್ಯಮ ಕಟ್ಟಿದರೆ ಈ ವಿನಾಯಿತಿ ನೆರವಿಗೆ ಬಾರದು. ಆ ಜ್ಞಾನವನ್ನು ಕೊಟ್ಟವರ ಪಾಲನ್ನು ಮೊದಲ ದಿನವೇ ಹೊಣೆಯೆಂದು ಗುರುತಿಸುವುದು ಸರಿಯಾದ ಲೆಕ್ಕ. ತೊಗಟೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನದೋ ಹೊರಗಿನದೋ ಎಂಬುದಕ್ಕೂ ಕಾಗದ ಇರಬೇಕು. ಕಾಂಡದ ಸುತ್ತಲೂ ತೊಗಟೆ ಸುಲಿದ ಮರ ಉಳಿಯುವುದಿಲ್ಲ ಎಂಬುದು ಕಾಡಿನವರಿಗೆ ಗೊತ್ತಿರುವಷ್ಟು ಖರೀದಿದಾರರಿಗೆ ಗೊತ್ತಿಲ್ಲ.

ಕಕ್ಷಿದಾರರು ಮೊದಮೊದಲು ಬೇಸರಪಟ್ಟುಕೊಂಡರು. ಪರೀಕ್ಷೆಯ ವೆಚ್ಚ ಆ ವರ್ಷದ ಲಾಭ-ನಷ್ಟದ ಖಾತೆಗೆ ಹೋಯಿತು. ಮುದ್ರಣಕ್ಕೆ ಸಿದ್ಧವಾಗಿದ್ದ ಚೀಟಿಯ ಕರಡು ಕಡತದಲ್ಲಿ ಉಳಿಯಿತು. ಈಗ ಅವರು ಪ್ರತಿ ಹಂಗಾಮಿನ ಮೊದಲ ಚೀಲದಿಂದ ತೊಗಟೆಯ ಜೊತೆ ಎಲೆ-ಹೂವಿನ ರೆಂಬೆಯೊಂದನ್ನು ತರಿಸಿ ಗುರುತಿನ ಪ್ರಮಾಣಪತ್ರ ಪಡೆಯುತ್ತಾರೆ. ಕುಟಜಾರಿಷ್ಟ ತಯಾರಿಸುವ ಕಾರ್ಖಾನೆಗಳು ಆ ಪತ್ರವಿರುವ ಮಾಲನ್ನು ಪ್ರತ್ಯೇಕವಾಗಿ ಕೇಳಿ ಕೊಳ್ಳುತ್ತಿವೆ. ಬೆಪ್ಪಾಲೆ ಬೆರೆತ ಚೀಲಗಳು ಕಳೆದ ಹಂಗಾಮಿನಲ್ಲಿ ಎರಡು ಬಂದಿದ್ದವು, ಎರಡನ್ನೂ ಹಿಂದಕ್ಕೆ ಕಳಿಸಿದರು.